ಊರು ಬಿಟ್ಟು ಹೊರಟ ಕಂಪನಿಗಳು

ಗುಬ್ಬಿ ಕಂಪನಿ, ಕೊಣ್ಣೂರ ಕಂಪನಿ, ಶಿರಹಟ್ಟಿ ಕಂಪನಿ, ಹಲಗೇರಿ ಕಂಪನಿ. ಕನ್ನಡ ವೃತ್ತಿ ರಂಗಭೂಮಿಯ ಚರಿತ್ರೆಯನ್ನು ಎಲ್ಲಿಂದ ತೆರೆದರೂ ಎದುರಾಗುವುದು ಸಣ್ಣ ಸಣ್ಣ ಊರುಗಳ ಹೆಸರು. ಇಂಥ ಕಂಪನಿಗಳ ಮೇಲೆ ಬಂದ ಸ್ಮರಣ ಸಂಚಿಕೆಗಳನ್ನೂ ಅಭಿನಂದನ ಗ್ರಂಥಗಳನ್ನೂ ಓದುತ್ತ ಹೋದರೆ ಒಂದು ಕೊರತೆ ಮತ್ತೆ ಮತ್ತೆ ಕಾಡುತ್ತದೆ. ಊರದೇವರ ಹೆಸರಿನಲ್ಲಿ ಕಂಪನಿ ಕಟ್ಟಿದರು, ಮೊದಲ ನಾಟಕ ಇಂಥದ್ದು, ಇಂಥ ನಟ ಕೃಷ್ಣನಾಗಿ ಬಂದರೆ ಜನ ಎದ್ದು ಕೈಮುಗಿಯುತ್ತಿದ್ದರು, ಆಮೇಲೆ ಸಿನಿಮಾ ಬಂತು, ಕಂಪನಿ ನಿಂತಿತು. ಇಷ್ಟರಲ್ಲಿ ಕಥೆ ಮುಗಿದುಹೋಗುತ್ತದೆ. ನಲವತ್ತು ಐವತ್ತು ಜನ ವರ್ಷಗಟ್ಟಲೆ ಎರಡು ಹೊತ್ತು ಉಂಡದ್ದು ಎಲ್ಲಿಂದ, ಪರದೆಗೆ ಬಣ್ಣ ಹಾಕಿಸಿದ ದುಡ್ಡು ಯಾರದು, ಆಷಾಢದ ಮಳೆಯಲ್ಲಿ ಇವರೆಲ್ಲ ಎಲ್ಲಿರುತ್ತಿದ್ದರು ಎಂಬುದು ಅಲ್ಲಿ ಸಿಗುವುದಿಲ್ಲ.

ಒಂದು ಸಾದಾ ಲೆಕ್ಕ ಹಾಕೋಣ. ಎಂಟು ಸಾವಿರ ಜನವಸತಿಯ ಊರು, ಆರು ನೂರು ಜನ ಕೂರುವ ಥೇಟರು. ಹಸುಗೂಸಿನಿಂದ ಮುದುಕರವರೆಗೆ ಊರಿಗೆ ಊರೇ ಒಂದು ಸಲ ಟಿಕೆಟ್ಟು ತೆಗೆದರೂ ಹದಿನಾಲ್ಕು ರಾತ್ರಿಗೆ ಜನ ಮುಗಿದುಹೋಗುತ್ತಾರೆ. ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವವರನ್ನು ಸೇರಿಸಿ, ವಾರಕ್ಕೊಂದು ನಾಟಕ ಬದಲಾಯಿಸಿ, ಹೇಗೆ ಜಗ್ಗಿದರೂ ಎರಡು ಮೂರು ತಿಂಗಳು. ಅಂದರೆ ಸಣ್ಣ ಊರಿನಲ್ಲಿ ಹುಟ್ಟಿದ ಕಂಪನಿ ಹುಟ್ಟಿದ ವರ್ಷವೇ ಊರು ಬಿಡಬೇಕು. ಊರು ಕೊಟ್ಟದ್ದು ಹೆಸರನ್ನು, ಮೊದಲ ಬಂಡವಾಳವನ್ನು, ಮೊದಲ ನಾಲ್ಕಾರು ನಟರನ್ನು. ಅನ್ನ ಕೊಟ್ಟದ್ದು ಪರಊರುಗಳು. ಹಾಗಾಗಿ ಇಂಥ ಕಂಪನಿಯ ಚರಿತ್ರೆಯನ್ನು ಅದು ಬೀಡುಬಿಟ್ಟ ಕ್ಯಾಂಪುಗಳಲ್ಲಿ ಹುಡುಕಬೇಕು ಎಂಬುದು ಈ ಬರಹದ ವಾದ. ಕಂಪನಿಗಳು ಗೆದ್ದದ್ದು ರಂಗದ ಮೇಲೆ ಇರಬಹುದು, ಸೋತದ್ದು ಮಾತ್ರ ಹೆಚ್ಚಾಗಿ ಎರಡು ಕ್ಯಾಂಪುಗಳ ನಡುವಿನ ದಾರಿಯಲ್ಲಿ.

ರೈಲು, ಹತ್ತಿ, ಅಡಿಕೆ

ಗದುಗಿನಲ್ಲಿ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದಕ್ಕೆ ಸಾಂಗಲಿ ಕಡೆಯ ಮರಾಠಿ ಮಂಡಳಿಗಳು ಧಾರವಾಡ ಸೀಮೆಯಲ್ಲಿ ಆಡಿ ದುಡ್ಡು ಮಾಡಿಕೊಂಡು ಹೋಗುತ್ತಿದ್ದದ್ದೇ ಪ್ರೇರಣೆ ಎಂದು ಎಲ್ಲರೂ ಬರೆದಿದ್ದಾರೆ. ಅದು ನಿಜ. ಆದರೆ ಭಾಷಾಭಿಮಾನದಿಂದ ಹುಟ್ಟಿದ ಮಂಡಳಿಗಳು ವೃತ್ತಿ ಕಂಪನಿಗಳಾಗಿ ನಿಂತದ್ದಕ್ಕೆ 1880ರ ದಶಕದ ರೈಲನ್ನೂ ನೆನೆಯಬೇಕು. ಹುಬ್ಬಳ್ಳಿ, ಗದಗಗಳಿಗೆ ಹಳಿ ಬಂದದ್ದು ಆ ದಶಕದಲ್ಲಿ. ಗುಬ್ಬಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ, ತುಮಕೂರಿಗೆ ಬೆಂಗಳೂರಿನಿಂದ ರೈಲು ಬಂದದ್ದೂ ಅದೇ ಕಾಲಕ್ಕೆ. ಎತ್ತಿನ ಗಾಡಿಯಲ್ಲಿ ದಿನಕ್ಕೆ ಹತ್ತು ಹದಿನೈದು ಮೈಲಿ ಸಾಗುವ ಮೇಳ ಬೇರೆ, ಪೆಟ್ಟಿಗೆಗಳನ್ನೆಲ್ಲ ಗೂಡ್ಸಿಗೆ ಹಾಕಿ ಮರುದಿನ ಮುಂದಿನ ಊರಲ್ಲಿ ಇಳಿಸಿಕೊಳ್ಳುವ ಕಂಪನಿ ಬೇರೆ. ಹಿತ್ತಾಳೆ ಕಿರೀಟ, ಮರದ ಸಿಂಹಾಸನ, ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ ಆದ ಕಾಲುಪೆಟ್ಟಿಗೆ, ಹತ್ತಾರು ಪರದೆ ಎಂದು ಸಾಮಾನು ಬೆಳೆಯುವುದಕ್ಕೆ ಸಾಧ್ಯವಾದದ್ದೇ ಆಗ.

ಎಲ್ಲಿಗೆ ಹೋಗಬೇಕು ಎಂಬುದನ್ನು ಕಲೆಗಿಂತ ಬೆಳೆ ತೀರ್ಮಾನಿಸುತ್ತಿತ್ತು. ಜನರ ಕೈಯಲ್ಲಿ ದುಡ್ಡು ಓಡಾಡುವ ಹೊತ್ತಿಗೆ ಅಲ್ಲಿರಬೇಕು. ಹತ್ತಿ ಬಿಡಿಸಿ ಪೇಟೆಗೆ ಬರುವಾಗ ಗದಗ, ಹುಬ್ಬಳ್ಳಿಯ ಕಡೆ. ಸುಗ್ಗಿ ಮುಗಿದ ಮೇಲೆ ಜಾತ್ರೆಗಳ ಸಾಲು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ತೇರು ಎಳೆಯುವುದು ಒಂದು ದಿನ, ನಾಟಕ ನಡೆಯುವುದು ತಿಂಗಳುಗಟ್ಟಲೆ, ಒಂದೇ ಬಯಲಲ್ಲಿ ಹಲವು ಕಂಪನಿಗಳು ಪಕ್ಕಪಕ್ಕದಲ್ಲೇ ಬೋರ್ಡು ಹಾಕುತ್ತವೆ. ಅಲ್ಲಿಂದ ಮಲೆನಾಡಿನತ್ತ ಮುಖ. ಮಾರಿಕಾಂಬಾ ಜಾತ್ರೆ ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ; ಆ ಹೊತ್ತಿಗೆ ಅಡಿಕೆಯ ಹಣ ಮನೆಗೆ ಬಂದಿರುತ್ತದೆ. ಮಳೆ ಹಿಡಿಯುವ ಮೊದಲು ಘಟ್ಟದ ಸೆರಗು ಬಿಟ್ಟು ಬಯಲುಸೀಮೆಗೆ ಇಳಿದುಬಿಡಬೇಕು. ಜೂನ್ ಮೊದಲ ವಾರ ಶಿರಸಿಯಲ್ಲಿ ಸಿಕ್ಕಿಬಿದ್ದ ಕಂಪನಿಗೆ ಆ ವರ್ಷದ ಲಾಭವೆಲ್ಲ ಕೆಸರಲ್ಲಿ ಹೋದಂತೆಯೇ. ಮಳೆಗಾಲಕ್ಕೆ ವಿಜಯಪುರ, ರಾಯಚೂರು, ಬಾಗಲಕೋಟೆಯಂಥ ಕಡಿಮೆ ಮಳೆಯ ಊರು, ಅಥವಾ ಗೋಡೆ ಸೂರು ಇರುವ ಕಾಯಂ ಥೇಟರು ಸಿಗುವ ಪೇಟೆ. ಈ ಸುತ್ತನ್ನು ಸರಿಯಾಗಿ ಕಟ್ಟಬಲ್ಲ ಮ್ಯಾನೇಜರ್ ಕಂಪನಿಯ ನಿಜವಾದ ಆಸ್ತಿ. ಕ್ಯಾಂಪು ಮುಗಿಯುವ ಒಂದು ತಿಂಗಳ ಮೊದಲೇ ಅವನು ಮುಂದಿನ ಊರಿಗೆ ಹೋಗಿ ಜಾಗ ಹಿಡಿದು, ಪುರಸಭೆಗೆ ಬಾಡಿಗೆ ಕಟ್ಟಿ, ಪೊಲೀಸ್ ಪರವಾನಗಿಗೆ ಅರ್ಜಿ ಹಾಕಿ, ಬಿಡಾರಕ್ಕೆ ಮನೆಗಳನ್ನು ಗೊತ್ತುಮಾಡಿ, ಬಾವಿಯ ನೀರು ಎಷ್ಟು ದೂರ ಎಂದು ನೋಡಿಕೊಂಡು ಬರಬೇಕು. ಅಂಥವರ ಹೆಸರು ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ಅಪರೂಪ.

ಥೇಟರು ಏಳುವ ಬಗೆ

ಕಾಯಂ ಥೇಟರು ಇಲ್ಲದ ಊರಲ್ಲಿ ಕಂಪನಿಯೇ ಥೇಟರು ಕಟ್ಟಬೇಕು. ಅರವತ್ತು ಅಡಿ ಅಗಲ, ನೂರು ಅಡಿ ಉದ್ದದ ಮಂಟಪ ಎಂದಿಟ್ಟುಕೊಳ್ಳಿ. ಸುತ್ತಳತೆ ಮುನ್ನೂರ ಇಪ್ಪತ್ತು ಅಡಿ. ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿದರೆ ಒಂದು ತಗಡು ಎರಡೂವರೆ ಅಡಿ ಮುಚ್ಚುತ್ತದೆ. ಸುತ್ತುಗೋಡೆಗೇ ಸುಮಾರು ನೂರ ಮೂವತ್ತು ತಗಡು. ಚಾವಣಿಗೂ ತಗಡೇ ಎಂದರೆ ಅದರ ಎರಡು ಮೂರು ಪಟ್ಟು ಬೇಕು, ಭಾರ ತಡೆಯುವ ಕಂಬವೂ ಬೇಕು. ಅದಕ್ಕಾಗಿಯೇ ಎಷ್ಟೋ ಕಂಪನಿಗಳು ರಂಗದ ಮೇಲೂ ಮುಂದಿನ ಕುರ್ಚಿಗಳ ಮೇಲೂ ಮಾತ್ರ ತಗಡು ಹೊದಿಸಿ ಉಳಿದದ್ದಕ್ಕೆ ತಾಡಪತ್ರಿ ಕಟ್ಟುತ್ತಿದ್ದವು. ತಾಡಪತ್ರಿ ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಒಂದೇ ಮಳೆಗೆ ನಡುವೆ ನೀರು ತುಂಬಿ ಹೊಟ್ಟೆಬಿಟ್ಟು, ಗಳು ಮುರಿದು ಜನರ ಮೇಲೆ ಕೂರುತ್ತದೆ. ತೀರಾ ಬಿಗಿದರೆ ಗಾಳಿಗೆ ಹಗ್ಗ ಪೋಣಿಸುವ ಕಣ್ಣುಗಳು ಕಿತ್ತುಬರುತ್ತವೆ. ಚೈತ್ರ ವೈಶಾಖದ ಸಂಜೆಯ ಬಿರುಗಾಳಿಗೆ ಕಂಪನಿಗಳು ಹೆದರುವಷ್ಟು ಮಳೆಗೂ ಹೆದರುವುದಿಲ್ಲ. ಗಾಳಿ ಎದ್ದಾಗ ಗೋಡೆಯ ತಗಡುಗಳನ್ನು ಗಾಳಿ ಹೊಕ್ಕು ಹೊರಹೋಗುವಂತೆ ಎದುರುಬದುರಾಗಿ ನಾಲ್ಕಾರು ಕಡೆ ಬಿಚ್ಚಿಬಿಡುವುದು ಅನುಭವಸ್ಥರ ರೂಢಿ. ಪೂರಾ ಮುಚ್ಚಿಟ್ಟರೆ ಒಳಹೊಕ್ಕ ಗಾಳಿ ಚಾವಣಿಯನ್ನೇ ಎತ್ತಿಕೊಂಡು ಹೋಗುತ್ತದೆ.

ರಂಗ ಮೂವತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಆಳ, ನೆಲದಿಂದ ಮೂರೂವರೆ ನಾಲ್ಕು ಅಡಿ ಎತ್ತರ. ಹಲಗೆಗಳನ್ನು ಕೂಡಿಸುವಾಗ ಉದ್ದದ ಸಂದು ಪ್ರೇಕ್ಷಕರಿಗೆ ಅಡ್ಡವಾಗಿರಬೇಕು, ಇಲ್ಲದಿದ್ದರೆ ಬೆಳಕು ಸಂದಿನಲ್ಲಿ ಇಳಿದು ಗೆರೆ ಕಾಣುತ್ತದೆ. ಮುಖ್ಯವಾದದ್ದು ಕೂರುವ ವ್ಯವಸ್ಥೆ. ಡೇರೆ ಹಾಕಿ ಸಿನಿಮಾ ತೋರಿಸುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ ಪರದೆಯ ಹತ್ತಿರದ ನೆಲ ಅಗ್ಗ, ಹಿಂದಿನ ಕುರ್ಚಿ ದುಬಾರಿ. ನಾಟಕದಲ್ಲಿ ಇದು ತಿರುವುಮುರುವು: ಸೋಫಾ, ಕುರ್ಚಿ ಮುಂದೆ, ನೆಲದ ಜನ ಹಿಂದೆ. ಕಂಪನಿ ನಟನ ದನಿ ಯಾಕಷ್ಟು ಏರಿರುತ್ತಿತ್ತು, ಮಾತನ್ನು ಯಾಕೆ ಹಾಡಿನಂತೆ ಎಳೆದು ಕೊನೆಯ ಅಕ್ಷರವನ್ನು ಎತ್ತಿ ಒಗೆಯುತ್ತಿದ್ದರು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಮೈಕು ಇಲ್ಲದ ಕಾಲದಲ್ಲಿ ಮಂಟಪದ ಕೊನೆಯಲ್ಲಿ ಕೂತವನೇ ಹೆಚ್ಚು ಸಂಖ್ಯೆಯ ಗಿರಾಕಿ. ಅವನಿಗೆ ಕೇಳದಿದ್ದರೆ ಮರುದಿನ ಗಲ್ಲೆ ಬರಿದು. ಗರುಡ ಸದಾಶಿವರಾಯರಂಥ ಕಂಪನಿ ನಟರ ಗರ್ಜನೆಯ ಬಗ್ಗೆ ಬರೆಯುವಾಗ ಆ ಶೈಲಿಯನ್ನು ಬರೀ ಅತಿರೇಕವೆಂದು ತಳ್ಳಿಹಾಕಿದವರು ಆ ಮಂಟಪದ ಅಳತೆಯನ್ನು ನೋಡಿಲ್ಲ ಎಂದೇ ಹೇಳಬೇಕಾಗುತ್ತದೆ. ಮೈಕು ಬಂದ ಮೇಲೆ ನಟ ಅದರ ಕೆಳಗೇ ಬಂದು ನಿಲ್ಲತೊಡಗಿದ. ರಂಗದ ಮುಂಭಾಗದಲ್ಲಿ ಎರಡೋ ಮೂರೋ ಮೈಕು ತೂಗುಹಾಕಿದರೆ ಇಡೀ ನಾಟಕ ಆ ಎರಡು ಮೂರು ಬಿಂದುಗಳಿಗೆ ಕಟ್ಟುಬಿತ್ತು, ನಡೆ ಕಡಿಮೆಯಾಯಿತು, ಮಾತು ಹೆಚ್ಚಾಯಿತು.

ರಸ್ತೆ ಪರದೆಯ ಮುಂದಿನ ಹತ್ತು ನಿಮಿಷ

ಕಂಪನಿ ನಾಟಕದಲ್ಲಿ ಹಾಸ್ಯಕ್ಕೆ ಅಷ್ಟೊಂದು ಜಾಗ ಯಾಕೆ ಎಂದು ವಿಮರ್ಶಕರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಜನರ ಅಭಿರುಚಿ ಎಂಬ ಉತ್ತರ ಅರ್ಧ ಮಾತ್ರ. ಉಳಿದರ್ಧ ಪರದೆಗಳ ಜೋಡಣೆಯಲ್ಲಿದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ರಂಗದ ಆಳದಲ್ಲಿ ಮೂರು ನಾಲ್ಕು ಸಾಲು ಪರದೆ ಇರುತ್ತವೆ. ಎಲ್ಲಕ್ಕಿಂತ ಮುಂದೆ, ರಂಗವನ್ನು ಮುಚ್ಚುವ ಅಂಕದ ಪರದೆಯಿಂದ ಐದಾರು ಅಡಿ ಹಿಂದೆ, ರಸ್ತೆಯ ಚಿತ್ರ ಬರೆದ ಪರದೆ. ಅದರ ಹಿಂದೆ ಕಾಡು ಅಥವಾ ಮನೆ. ಕೊನೆಗೆ ದರ್ಬಾರು. ಒಂದೊಂದೂ ಮೂವತ್ತು ಅಡಿ ಅಗಲದ, ಹದಿನೆಂಟು ಅಡಿ ಎತ್ತರದ ಮಾಂಜರಪಾಟು ಬಟ್ಟೆ. ಪಟ್ಟಿಗಳನ್ನು ಅಡ್ಡಡ್ಡ ಹೊಲಿಯುತ್ತಾರೆ, ಹೊಲಿಗೆ ಗಳುವಿಗೆ ಸಮಾನಾಂತರವಾಗಿದ್ದರೆ ಸುತ್ತುವಾಗ ಗಂಟು ಬೀಳುವುದಿಲ್ಲ. ಬಣ್ಣ ಹಚ್ಚುವ ಮೊದಲು ಬಟ್ಟೆಗೆ ಬಡಗಿಗಳು ಬಳಸುವಂಥ ಸರೇಸಿನ ಅಂಟನ್ನು ನೆನೆಸಿ ಕಾಯಿಸಿ ಸುಣ್ಣದ ಪುಡಿ ಕಲಸಿ ಬಳಿಯಬೇಕು, ಮೇಲೆ ಪುಡಿಬಣ್ಣ. ಸರೇಸು ಹೆಚ್ಚಾದರೆ ಪರದೆ ಹಪ್ಪಳದಂತೆ ಬಿರುಸಾಗಿ ಸುತ್ತಿದಲ್ಲೆಲ್ಲ ಬಿರಿಯುತ್ತದೆ. ಕಡಿಮೆಯಾದರೆ ಪ್ರತಿಸಲ ಬಿಡುವಾಗಲೂ ಬಣ್ಣ ಧೂಳಾಗಿ ಉದುರಿ ಹಾಡುವವರ ಗಂಟಲು ಹಿಡಿಯುತ್ತದೆ. ಕೆಳಗಿನ ಗಳುವಿಗೆ ಎರಡೂ ತುದಿಯಲ್ಲಿ ಹಗ್ಗ ಸುತ್ತಿರುತ್ತದೆ. ಹಗ್ಗ ಎಳೆದರೆ ಗಳು ತಾನೇ ಉರುಳುತ್ತ ಪರದೆಯನ್ನು ಸುತ್ತಿಕೊಂಡು ಮೇಲೇರುತ್ತದೆ. ಎರಡೂ ಹಗ್ಗದ ದಪ್ಪ ಒಂದೇ ಇರಬೇಕು. ಒಂದು ಹೊಸದು, ಒಂದು ಸವೆದದ್ದು ಆದರೆ ಒಂದು ಬದಿ ಬೇಗ ಏರಿ, ಪರದೆ ಓರೆಯಾಗಿ ನಡುವೆ ಸಿಕ್ಕಿಕೊಂಡು, ಇಂದ್ರಸಭೆಯ ಕೆಳಗೆ ಸೆಟ್ಟು ಹೊರುವವರ ಕಾಲುಗಳು ಕಾಣುತ್ತವೆ. ಮಡಿಚಿ ಇಡುವಂತಿಲ್ಲ, ಮಡಿಕೆಯ ಗೆರೆ ದೀಪದ ಬೆಳಕಿಗೆ ಎದ್ದು ಕಾಣುತ್ತದೆ. ಲಾರಿಯಲ್ಲಿ ಹಿಡಿಯಲಿ ಎಂದು ಗಳುವನ್ನು ಎರಡು ಮೂರು ತುಂಡುಮಾಡಿ ಕೊಳವೆಯಿಂದ ಜೋಡಿಸುವ ಕ್ರಮ ಬಂತು. ಆ ಜೋಡಣೆ ಸಡಿಲವಾದರೆ ಪರದೆ ನಡುವೆ ಜೋತುಬೀಳುತ್ತದೆ.

ಈಗ ನಾಟಕ ಕಾಡಿನಿಂದ ದರ್ಬಾರಿಗೆ ಹೋಗಬೇಕು. ಸಿಂಹಾಸನ ತರಬೇಕು, ಮೆಟ್ಟಿಲು ಜೋಡಿಸಬೇಕು, ಎರಡೂ ಬದಿಯ ಕಂಬ ನಿಲ್ಲಿಸಬೇಕು, ರಾಜಪಾತ್ರದವನು ನಾರುಬಟ್ಟೆ ಬಿಚ್ಚಿ ಜರಿ ಅಂಗಿ ಕಿರೀಟ ತೊಡಬೇಕು. ಕೈ ಪಳಗಿದವರಿಗೂ ಎಂಟು ಹತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ಅಂಕದ ಪರದೆ ಎಳೆದು ಕತ್ತಲಲ್ಲಿ ಕೂರಿಸಿದರೆ ನೆಲದ ಜನ ಸಿಳ್ಳೆ ಹಾಕುತ್ತಾರೆ. ಅದಕ್ಕೆ ರಸ್ತೆ ಪರದೆ ಇಳಿಯುತ್ತದೆ, ಅದರ ಮುಂದಿನ ಐದಡಿ ಜಾಗದಲ್ಲಿ ಇಬ್ಬರು ಬಂದು ನಗಿಸುತ್ತಾರೆ. ಒಳಗಿನ ಸುತ್ತಿಗೆಯ ಸದ್ದು, ಮೆಟ್ಟಿಲು ಎಳೆಯುವ ಸದ್ದು ಇವರ ಮಾತಿನಲ್ಲಿ, ಜನರ ನಗೆಯಲ್ಲಿ ಮುಚ್ಚಿಹೋಗಬೇಕು. ಒಳಗೆ ಸಿದ್ಧವಾಗದಿದ್ದರೆ ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರು ರಂಗದ ಬದಿಯ ವಿಂಗಿನಿಂದ ಸನ್ನೆ ಮಾಡುತ್ತಾನೆ, ಹಾಸ್ಯನಟ ಮಾತು ಬೆಳೆಸುತ್ತಾನೆ. ಬೇಗ ಸಿದ್ಧವಾದರೆ ಇನ್ನೊಂದು ಸನ್ನೆ, ಅರ್ಧದಲ್ಲೇ ಒಂದು ಪೆಟ್ಟಿನ ಮಾತು ಹೇಳಿ ಓಡುತ್ತಾನೆ. ಬರೆದ ಮಾತಿಗೆ ಕಟ್ಟುಬೀಳದ, ಆ ಕ್ಷಣಕ್ಕೆ ಹುಟ್ಟಿಸಿ ಆಡುವ ಕಸುಬನ್ನು ಕಂಪನಿಯ ಹಾಸ್ಯನಟರು ಕಲಿತದ್ದು ಇಲ್ಲಿ. ಮುಂದೆ ಮಾಸ್ಟರ್ ಹಿರಣ್ಣಯ್ಯನವರು ಅಂದಿನ ಸುದ್ದಿಯನ್ನು ಅಂದಿನ ನಾಟಕದಲ್ಲೇ ಎತ್ತಿಕೊಂಡು ಮಾತಾಡಿದ್ದು ಇದೇ ಕಸುಬಿನ ತುಟ್ಟತುದಿ. ಸೆಟ್ಟು ಬದಲಿಸಲು ಸಮಯ ಕೊಡುತ್ತಿದ್ದ ಈ ಅಡ್ಡಕಥೆ ಬರಬರುತ್ತ ಟಿಕೆಟ್ಟು ಮಾರುವ ಮುಖ್ಯ ಕಥೆಯೇ ಆಯಿತು. ಪೌರಾಣಿಕ ನಾಟಕಗಳು ಹಿಂದೆ ಸರಿದು ಸಾಮಾಜಿಕ ನಾಟಕಗಳು ಬಂದಾಗ ದರ್ಬಾರು ಬೇಡವಾಯಿತು, ಒಂದು ಮನೆ ಒಂದು ರಸ್ತೆ ಸಾಕಾಯಿತು. ಸೆಟ್ಟಿನ ಅಗತ್ಯ ಹೋದರೂ ಹಾಸ್ಯ ಉಳಿಯಿತು.

ಬೆಳಕಿನ ಕೈಚಳಕ

ದೇವರು ಪ್ರತ್ಯಕ್ಷವಾಗುವ ದೃಶ್ಯಕ್ಕೆ ಜಾಲಿ ಪರದೆ. ಸಣ್ಣ ಕಣ್ಣಿನ ಬಲೆಬಟ್ಟೆಯ ಮೇಲೆ ತೆಳುವಾಗಿ ಬೆಟ್ಟವನ್ನೋ ಗುಡಿಯನ್ನೋ ಬರೆದಿರುತ್ತಾರೆ. ಮುಂದಿನಿಂದ ಬೆಳಕು ಬಿದ್ದರೆ ಅದು ಗಟ್ಟಿ ಗೋಡೆಯಂತೆ ಕಾಣುತ್ತದೆ. ಮುಂದಿನ ಬೆಳಕು ಇಳಿಸಿ ಹಿಂದಿನದನ್ನು ಏರಿಸಿದರೆ ಬೆಟ್ಟ ಕರಗಿ ಅದರೊಳಗೆ ಶಿವ ನಿಂತಿರುತ್ತಾನೆ. ಕೆಡುವುದು ಎಲ್ಲಿ ಎಂದರೆ, ಹಿಂದೆ ನಿಂತವನಿಗೂ ಜಾಲಿಗೂ ನಡುವೆ ನಾಲ್ಕಾರು ಅಡಿ ಜಾಗ ಇಲ್ಲದಿದ್ದರೆ ಅವನ ಮೇಲಿನ ಬೆಳಕು ಜಾಲಿಯ ಮೇಲೂ ಚೆಲ್ಲಿ ಮಬ್ಬಾಗುತ್ತದೆ. ಗ್ಯಾಸ್ ಬತ್ತಿಯ ಕಾಲದಲ್ಲಿ ಬೆಳಕನ್ನು ಏರಿಸಿ ಇಳಿಸಲು ಬಾರದೆ ದೀಪದ ಮುಂದೆ ತಗಡಿನ ಮರೆಯನ್ನು ಸರಿಸುತ್ತಿದ್ದರು. ಆ ಬತ್ತಿಗಳಿಗೆ ಆಗಾಗ ಗಾಳಿ ಹೊಡೆಯಬೇಕು, ಭೀಮ ದುರ್ಯೋಧನರು ಹಲಗೆಯ ಮೇಲೆ ಕುಪ್ಪಳಿಸಿದರೆ ಮ್ಯಾಂಟಲ್ ಉದುರುತ್ತದೆ. ಅದಕ್ಕೇ ದೀಪ ತೂಗುವ ಗಳು ರಂಗದ ಹಲಗೆಗೆ ತಾಗದಂತೆ ಬೇರೆ ಕಂಬದ ಮೇಲೆ ಇರಬೇಕು.

ಕರೆಂಟು ಬಂದ ಮೇಲೆ ಉಪ್ಪುನೀರಿನ ಡಿಮ್ಮರ್ ಬಂತು. ಜಾಡಿಯಲ್ಲೋ ಪಿಂಗಾಣಿ ಕೊಳವೆಯಲ್ಲೋ ಉಪ್ಪು ಕದಡಿದ ನೀರು. ತಳದಲ್ಲಿ ಒಂದು ಲೋಹದ ತಟ್ಟೆ, ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು. ದೀಪಗಳಿಗೆ ಹೋಗುವ ತಂತಿ ಈ ಎರಡು ತಟ್ಟೆಗಳ ಮೂಲಕ ಹಾಯುತ್ತದೆ. ಮೇಲಿನದನ್ನು ನಿಧಾನ ಇಳಿಸಿದರೆ ನಸುಕು ಹರಿದಂತೆ ಬೆಳಕು ಏರುತ್ತದೆ. ಉಪ್ಪು ಕಡಿಮೆಯಾದರೆ ತಟ್ಟೆಗಳು ಹತ್ತಿರ ಬರುವ ತನಕ ಏನೂ ಆಗದೆ, ತಾಗಿದಾಗ ಫಕ್ಕನೆ ಹೊತ್ತಿಕೊಳ್ಳುತ್ತದೆ. ಹೆಚ್ಚಾದರೆ ಎಷ್ಟು ಮೇಲೆತ್ತಿದರೂ ಪೂರ್ತಿ ಕತ್ತಲಾಗುವುದಿಲ್ಲ, ನೀರು ಕುದಿಯುತ್ತದೆ, ಫ್ಯೂಸು ಹಾರುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಆಟ ಸಾಗಿದಂತೆ ನೀರು ಬಿಸಿಯಾಗಿ ಹೆಚ್ಚು ಕರೆಂಟು ಹರಿಸುತ್ತದೆ, ಮೊದಲ ಅಂಕದಲ್ಲಿ ಹಗ್ಗದ ಯಾವ ಗುರುತಿಗೆ ಸಂಜೆ ಬೆಳಕು ಬರುತ್ತಿತ್ತೋ ಮೂರನೇ ಅಂಕದಲ್ಲಿ ಅದೇ ಗುರುತಿಗೆ ಮಧ್ಯಾಹ್ನವಾಗುತ್ತದೆ. ಹೀಗಾಗಿ ಲೈಟಿನವನು ಗುರುತು ನಂಬದೆ ರಂಗವನ್ನೇ ನೋಡುತ್ತ ಕೈ ಆಡಿಸಬೇಕು. ತೆರೆದ ನೀರಿನಲ್ಲಿ ಕರೆಂಟು, ಕೆಳಗೆ ಹಸಿ ನೆಲ, ಕಾಲಿಗೆ ಚಪ್ಪಲಿ ಇಲ್ಲದ ಹುಡುಗರು. ಇದರ ಅಪಾಯವನ್ನು ಎಲ್ಲರೂ ಬಲ್ಲವರಾಗಿದ್ದರು, ಆದರೂ ಬೇರೆ ದಾರಿ ಕೈಗೆಟುಕುವ ಬೆಲೆಯಲ್ಲಿ ಇರಲಿಲ್ಲ.

ದೊಡ್ಡ ಕಂಪನಿಗಳ ವೈಭವ ಇದನ್ನೆಲ್ಲ ಮೀರಿದ್ದು. ಬಾಲನಟನಾಗಿ ಸೇರಿ 1917ರಲ್ಲಿ ಗುಬ್ಬಿ ಕಂಪನಿಯ ಮಾಲೀಕರಾದ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಅದನ್ನು ಮತ್ತೆ ಮತ್ತೆ ಹೇಳಿ ಆಗಿದೆ. ಸಣ್ಣ ಕಂಪನಿಗಳು ಅದನ್ನು ನೋಡಿ ಅನುಕರಿಸಲು ಹೋಗಿ ಸಾಲ ಮಾಡಿಕೊಂಡದ್ದು ಕಡಿಮೆ ಹೇಳಿದ ಭಾಗ.

ಮುಂಗಡ

ಹಣದ ವಿಷಯಕ್ಕೆ ಬಂದರೆ ಮೊದಲು ಹೇಳಬೇಕಾದ ಮಾತು ಮುಂಗಡ. ಕಲಾವಿದ ಕಂಪನಿಗೆ ಸೇರುವಾಗ ಮಾಲೀಕ ಪಗಾರದ ಜೊತೆಗೆ ಒಂದು ದೊಡ್ಡ ಮೊತ್ತ ಕೊಡುತ್ತಾನೆ. ಅದು ಮದುವೆಗೋ ಮನೆಗೋ ಹಳೆಯ ಸಾಲಕ್ಕೋ ಹೋಗುತ್ತದೆ. ಪಗಾರದಲ್ಲಿ ತೀರುವುದಿಲ್ಲ, ತೀರಲಿ ಎಂಬ ಆತುರ ಮಾಲೀಕನಿಗೂ ಇಲ್ಲ, ಏಕೆಂದರೆ ಅದು ತೀರುವ ತನಕ ಕಲಾವಿದ ಹೊರಡುವಂತಿಲ್ಲ. ಬೇರೆ ಕಂಪನಿ ಆ ಕಲಾವಿದನನ್ನು ಬಯಸಿದರೆ ಹಳೆಯ ಮುಂಗಡ ಚುಕ್ತಾ ಮಾಡಿ ಕರೆದುಕೊಂಡು ಹೋಗಬೇಕು. ಆಗ ಸಾಲ ತೀರುವುದಿಲ್ಲ, ಸಾಲ ಕೊಟ್ಟವನು ಬದಲಾಗುತ್ತಾನೆ ಅಷ್ಟೇ. ಕಂಪನಿಯ ಕಡೆಯಿಂದ ನೋಡಿದರೆ ಇದು ಇನ್ನೂ ಅಪಾಯಕಾರಿ. ದುಡಿಯುವ ಬಂಡವಾಳವೆಲ್ಲ ಜನರ ಮೇಲೆ ಹೂಡಿದ್ದು, ಕಾಗದದ ಮೇಲೆ ಮಾತ್ರ ಇರುವಂಥದ್ದು. ಹೆಸರಾಂತ ನಟ ಕಾಯಿಲೆ ಬಿದ್ದರೆ, ರಾತ್ರೋರಾತ್ರಿ ಹೊರಟುಹೋದರೆ, ಒಂದೇ ದಿನದಲ್ಲಿ ಬಂಡವಾಳವೂ ಹೋಯಿತು, ನಾಟಕವೂ ನಿಂತಿತು.

ಇದರ ಮೇಲೆ ಸ್ಥಳಾಂತರದ ಖರ್ಚು. ಬಿಚ್ಚಲು ಎರಡು ದಿನ, ದಾರಿಗೆ ಒಂದು, ಹೊಸ ಊರಲ್ಲಿ ಕಂಬ ನಿಲ್ಲಿಸಿ ಫಿಟ್ಟಿಂಗ್ ಮುಗಿಸಲು ಮೂರು ನಾಲ್ಕು. ಕ್ಯಾಂಪಿಗೆ ಒಂದು ವಾರ ಕಲೆಕ್ಷನ್ ಇಲ್ಲ, ಊಟ ಪಗಾರ ಮಾತ್ರ ನಿಲ್ಲುವುದಿಲ್ಲ. ವರ್ಷಕ್ಕೆ ಆರು ಕ್ಯಾಂಪು ಎಂದರೆ ಒಂದೂವರೆ ತಿಂಗಳು ಹೀಗೆಯೇ ಹೋಯಿತು. ಆಖೈರು ಆಟದ ರಾತ್ರಿಯನ್ನು ಗಮನಿಸಿದರೆ ಈ ಒತ್ತಡ ತಿಳಿಯುತ್ತದೆ. ಮಂಗಳ ಹಾಡಿ ಜನ ಏಳುವ ಮೊದಲೇ ಹಿಂದಿನ ಸಾಲಿನ ಚಾಪೆ ಸುತ್ತಲು ಶುರು. ಮೊದಲು ಲೈಟು, ಮೈಕು, ಹಾರ್ಮೋನಿಯಂ ಪೇಟಿ. ಇವು ಮಾಲೀಕನ ಕಣ್ಣೆದುರು ಪೆಟ್ಟಿಗೆ ಸೇರಬೇಕು. ಆಮೇಲೆ ಉಡುಪು: ಬೆವರಿನ ಜರಿಬಟ್ಟೆಯನ್ನು ಹಾಗೇ ತುಂಬಿದರೆ ಮುಂದಿನ ಊರಲ್ಲಿ ತೆಗೆಯುವಾಗ ಬೂಸಲು, ಜರಿ ಕಪ್ಪು. ಅದಕ್ಕೆ ಅವನ್ನು ಬೆಳಗಿನ ಬಿಸಿಲಿಗೆ ಹರವಿ ಆಮೇಲೆ ಕಟ್ಟುತ್ತಾರೆ. ಪರದೆ, ವಿಂಗು, ಹಲಗೆ. ಕೊನೆಗೆ ತಗಡು. ಲಾರಿಗೆ ತುಂಬುವಾಗಲೂ ಇದೇ ಕ್ರಮ, ಮುಂದಿನ ಊರಲ್ಲಿ ಮೊದಲು ಬೇಕಾದ ಕಂಬ ತಗಡು ಮೇಲೆ ಇರಬೇಕು. ತಿಳಿಯದೆ ತುಂಬಿದರೆ ಇಡೀ ಲಾರಿ ಬರಿದು ಮಾಡುವ ತನಕ ಒಂದು ಕಂಬವೂ ಏಳುವುದಿಲ್ಲ. ಅಷ್ಟರಲ್ಲಿ ಕಿರಾಣಿ ಅಂಗಡಿಯವನು, ಹಾಲಿನವನು, ಮುದ್ರಣಾಲಯದವನು ಬಾಕಿ ಕೇಳಲು ಬಂದು ನಿಂತಿರುತ್ತಾರೆ. ಬಾಕಿ ತೀರದಿದ್ದರೆ ಸಾಮಾನು ಅಲ್ಲೇ. ತಗಡನ್ನೋ ಪರದೆಯನ್ನೋ ಒತ್ತೆಯಿಟ್ಟು ಹೊರಟ ಕಂಪನಿ ಮುಂದಿನ ಊರಲ್ಲಿ ಬಾಡಿಗೆ ತಗಡು ಹಿಡಿಯುತ್ತದೆ, ಖರ್ಚು ಇನ್ನಷ್ಟು ಏರುತ್ತದೆ, ಎರಡು ಕ್ಯಾಂಪಿನೊಳಗೆ ಕಥೆ ಮುಗಿಯುತ್ತದೆ. ಕಂಪನಿಗಳು ಮುಳುಗಿದ್ದು ಹೆಚ್ಚಾಗಿ ಈ ದಾರಿಯಲ್ಲಿ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯನ್ನು ಇಲ್ಲಿ ನೆನೆಯಲೇಬೇಕು. ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳ ಸಂಗೀತ ಪಾಠಶಾಲೆಯನ್ನು ಸಾಕಲು ನಾಟಕ ಕಂಪನಿ ನಡೆಸಿದರು, ಪುಟ್ಟರಾಜ ಗವಾಯಿಗಳು ನಾಟಕ ಬರೆದು ಅದನ್ನು ಮುಂದುವರಿಸಿದರು. ಬೇರೆ ಮಾಲೀಕರಿಗೆ ಕಂಪನಿ ತಿಂದುಹಾಕಿದ ಹಣ ನಷ್ಟ. ಇಲ್ಲಿ ಕಂಪನಿ ಗಳಿಸಿದ್ದು ಮಕ್ಕಳ ಅನ್ನ. ಊರೂರಿನ ಜನ ಟಿಕೆಟ್ಟಿನ ಜೊತೆ ಅಕ್ಕಿ ಜೋಳವನ್ನೂ ಕೊಡಲು ಮನಸ್ಸು ಮಾಡುವಂಥ ಕಂಪನಿ ಅದು.

ಸಿನಿಮಾ ಒಂದೇ ಅಲ್ಲ

ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ 1934ರಲ್ಲಿ ಬಂತು, ಅದರ ನಾಯಕ ಸುಬ್ಬಯ್ಯ ನಾಯ್ಡು ಕಂಪನಿಯ ನಟ. ‘ಬೇಡರ ಕಣ್ಣಪ್ಪ’ (1954) ಸಿನಿಮಾ ಆಗುವ ಮೊದಲು ಕಂಪನಿಯ ನಾಟಕ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲರೂ ಕಂಪನಿಯಲ್ಲಿ ಪಳಗಿದವರು. ಸಿನಿಮಾ ಕಂಪನಿಗಳ ನಟರನ್ನು ಒಯ್ದಿತು, ನಾಟಕಗಳನ್ನು ಒಯ್ದಿತು, ಥೇಟರುಗಳನ್ನೂ ಒಯ್ದಿತು. ಅದಕ್ಕಿಂತ ಕಡಿಮೆ ಗಮನಿಸಿದ ಸಂಗತಿ, ಟೂರಿಂಗ್ ಟಾಕೀಸು ಅದೇ ಜಾತ್ರೆಯ ಬಯಲಿಗೆ ಅದೇ ಡೇರೆ ಹೊತ್ತು ಬಂದದ್ದು. ಅವರು ಬೆರಳೆಣಿಕೆಯ ಜನ, ಇವರು ಐವತ್ತು. ಒಂದು ರಾತ್ರಿ ಜನ ಬರದಿದ್ದರೆ ಅವರಿಗೆ ಡಬ್ಬಿ ಬದಲಾಯಿಸಿದರಾಯಿತು, ಇವರಿಗೆ ಐವತ್ತು ಎಲೆ ಹಾಕಲೇಬೇಕು.

ಆದರೂ ಸಿನಿಮಾದ ಉಚ್ಛ್ರಾಯ ಕಾಲದಲ್ಲೇ ಉತ್ತರ ಕರ್ನಾಟಕದಲ್ಲಿ ಕಂಪನಿಗಳು ಬೆಳೆದವು ಎಂಬುದನ್ನು ‘ಸಿನಿಮಾ ಬಂತು, ನಾಟಕ ಹೋಯಿತು’ ಎಂಬ ಸಾಲು ವಿವರಿಸಲಾರದು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಬಸವಣ್ಣನ ಪಾತ್ರವನ್ನು ಮನೆಮನೆಯ ಮಾತು ಮಾಡಿದ್ದು ಟಾಕಿ ಬಂದ ಎಷ್ಟೋ ವರ್ಷಗಳ ಮೇಲೆ. ಸೂಳಿಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವಾಗಿ ಜನಪ್ರಿಯವಾಗಿ ಆಮೇಲೆ 1974ರಲ್ಲಿ ಸಿನಿಮಾ ಆಯಿತು. ದಾರಿ ಇಲ್ಲಿಂದ ಅಲ್ಲಿಗೆ ಇತ್ತು. ಲಾರಿ ಬಂದದ್ದರಿಂದ ರೈಲಿಲ್ಲದ ಊರುಗಳೂ ತೆರೆದುಕೊಂಡವು. ನಿಜವಾದ ಪೆಟ್ಟು ಬಿದ್ದದ್ದು ಟಿವಿ ಮನೆಯೊಳಗೆ ಬಂದು ರಾತ್ರಿ ಹತ್ತರ ಹೊತ್ತನ್ನೇ ಕಿತ್ತುಕೊಂಡಾಗ. ಹೆಂಗಸರು ಬರುವುದು ಕಡಿಮೆಯಾಯಿತು. ಹೆಂಗಸರು ಬಂದರೆ ಮನೆಗೆ ಮನೆಯೇ ಬರುತ್ತದೆ, ಗಂಡಸರಷ್ಟೇ ಬಂದರೆ ನಾಟಕ ಅವರಿಗೆ ತಕ್ಕಂತೆ ತಿರುಗುತ್ತದೆ. ಇಂದಿನ ಜಾತ್ರೆ ನಾಟಕಗಳ ದ್ವಂದ್ವಾರ್ಥದ ಹೆಸರುಗಳನ್ನು ಬೈಯುವವರು ಈ ಸರಪಳಿಯನ್ನು ಕಾಣಬೇಕು. ಆ ಹೆಸರು ಬೇಡ ಎನ್ನುವ ಕಲಾವಿದೆಯರೇ ಕಂಪನಿಗಳಲ್ಲಿ ಬೇಕಷ್ಟು ಜನ ಇದ್ದಾರೆ. ಅದೇ ಹೊತ್ತಿಗೆ 2020ರ ಮಾರ್ಚ್, ಕೊರೋನಾ ಲಾಕ್‌ಡೌನ್. ಜಾತ್ರೆಗಳ ಹಂಗಾಮಿನ ನಟ್ಟನಡುವೆ ಆಟ ನಿಂತು, ನಿಲ್ಲಿಸಿದ ಥೇಟರು ನಿಂತಲ್ಲೇ ಮಳೆಗೆ ಸಿಕ್ಕಿತು. ಅಷ್ಟಾದರೂ ಬನಶಂಕರಿಯ ಬಯಲಿಗೆ ಕಂಪನಿಗಳು ತಿರುಗಿ ಬಂದವು.

ಚರಿತ್ರೆ ಬರೆಯುವವರಿಗೆ

ಯಾರಾದರೂ ತಮ್ಮ ಊರಿನ ಕಂಪನಿಯ ಚರಿತ್ರೆ ಬರೆಯುವುದಾದರೆ ನೆನಪಿನ ಮಾತುಗಳ ಜೊತೆಗೆ ನಾಲ್ಕು ಕಾಗದಗಳನ್ನು ಹುಡುಕಬೇಕು: ದಿನದ ಜಮಾಖರ್ಚು ಬರೆಯುವ ರೋಜುಕೀರ್ದಿ, ಮುಂಗಡದ ಕರಾರು, ಪಾರ್ಟಿನ ಪುಸ್ತಕ, ಹ್ಯಾಂಡ್‌ಬಿಲ್ಲು. ಪಾರ್ಟಿನ ಪುಸ್ತಕದಲ್ಲಿ ಒಬ್ಬ ನಟನ ಮಾತು, ಅದಕ್ಕೆ ಮೊದಲು ಎದುರಿನವರ ಕೊನೆಯ ಎರಡು ಮೂರು ಪದ ಮಾತ್ರ ಇರುತ್ತದೆ. ಇಡೀ ನಾಟಕ ಯಾರ ಕೈಗೂ ಸಿಗದಿರಲಿ, ಎದುರು ಕಂಪನಿಗೆ ಸೇರದಿರಲಿ ಎಂಬ ಎಚ್ಚರ ಅದು. ಅಚ್ಚಾಗದೆ ಕಳೆದುಹೋದ ನಾಟಕವನ್ನು ಇಂಥ ಏಳೆಂಟು ಪುಸ್ತಕಗಳಿಂದ ಕೂಡಿಸಬಹುದು, ಆ ಕೊನೆಯ ಪದಗಳೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಹ್ಯಾಂಡ್‌ಬಿಲ್ಲಿನಲ್ಲಿ ವಾರ, ತಾರೀಖು, ತಿಂಗಳು ಇದ್ದು ಇಸವಿ ಇಲ್ಲದಿರುವುದೇ ಹೆಚ್ಚು. ಗಾಬರಿ ಬೇಡ. ದರ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗೆ ಮೊದಲಿನದು; ಹೊಸ ನಾಣ್ಯ ಬಂದ ಮೇಲೂ ಕೆಲವು ಕಾಲ ಆಣೆಯ ಮಾತು ನಡೆದಿತ್ತು, ಅದಕ್ಕೆ ಒಂದೆರಡು ವರ್ಷ ಬಿಡಿ. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ಆಸುಪಾಸು. ಧಾರವಾಡ, ಬೆಳಗಾವಿ ಕಡೆಯ ಕಾಗದದಲ್ಲಿ ಮುಂಬಯಿ ಸರಕಾರದ ಪ್ರಸ್ತಾಪವಿದ್ದರೆ 1956ರ ನವೆಂಬರಿಗೆ ಮೊದಲು, ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗೆ ಮೊದಲು. ಹೀಗೆ ಹತ್ತಾರು ವರ್ಷದ ಗಡಿ ಸಿಕ್ಕಮೇಲೆ ವಾರವನ್ನೂ ತಾರೀಖನ್ನೂ ಹಳೆಯ ಪಂಚಾಂಗದಲ್ಲಿ ತಾಳೆಹಾಕಿದರೆ ಒಂದೋ ಎರಡೋ ವರ್ಷ ಉಳಿಯುತ್ತದೆ. ಕಾಗದದ ಬುಡದಲ್ಲಿ ಮುದ್ರಣಾಲಯದ ಹೆಸರು, ಊರು ಇದ್ದೇ ಇರುತ್ತದೆ, 1867ರ ಕಾಯಿದೆಯ ಪ್ರಕಾರ ಅದು ಕಡ್ಡಾಯವಾಗಿತ್ತು. ಕಂಪನಿ ಆಯಾ ಕ್ಯಾಂಪಿನ ಹತ್ತಿರದ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸುತ್ತಿದ್ದುದರಿಂದ, ಆಟದ ಜಾಗ ಹರಿದುಹೋಗಿದ್ದರೂ ಬುಡದ ಆ ಸಾಲಿನಿಂದ ಆ ತಿಂಗಳು ಕಂಪನಿ ಯಾವ ಸೀಮೆಯಲ್ಲಿತ್ತು ಎಂದು ತಿಳಿಯುತ್ತದೆ. ಇಂಥ ಮೂವತ್ತು ನಲವತ್ತು ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಆ ವರ್ಷದ ರೋಜುಕೀರ್ದಿ ಇಟ್ಟುಕೊಂಡರೆ, ಕಂಪನಿ ಯಾವ ಊರಲ್ಲಿ ಗಳಿಸಿತು, ಎಲ್ಲಿ ತಗಡು ಒತ್ತೆ ಇಟ್ಟಿತು, ಯಾವ ಮಳೆಗೆ ಸಿಕ್ಕಿತು ಎಂಬುದನ್ನು ತಿಂಗಳು ತಿಂಗಳಾಗಿ ಬರೆಯಬಹುದು.